ಐದು ಸೋಪು, ಎರಡು ಕೆನ್ನೆ

ತಕ್ಕಡಿ ಮಾಮ ಎಂದರೆ ಇಡೀ ಬೀದಿಗೆ ಗೊತ್ತು. ನಿಜವಾದ ಹೆಸರು ಕೇಳಿದರೆ ಮಾತ್ರ ಜನ ತಲೆ ಕೆರೆದುಕೊಳ್ಳುತ್ತಾರೆ. ಈ ಹೆಸರು ಬಿದ್ದದ್ದು ಅವರಿಗೆ ಇಪ್ಪತ್ತೈದು ವರ್ಷವಾಗಿದ್ದಾಗ. ಯಾರೋ ಪರಸ್ಥಳದವರು ಕೂದಲು ಕತ್ತರಿಸಿಕೊಂಡು ಹೋದರು. ಅವರು ಹೋದ ಮೇಲೆ ಇವರಿಗೆ ಅನುಮಾನ ಹತ್ತಿತು: ಬಲಗಿವಿಯ ಮುಂದಿನ ಕೂದಲು ಎಡಗಡೆಗಿಂತ ಒಂದು ಎಳ್ಳಿನಷ್ಟು ಉದ್ದ ಉಳಿಯಿತೇನೋ? ಕತ್ತರಿ ಹಿಡಿದುಕೊಂಡೇ ಬಸ್ ನಿಲ್ದಾಣಕ್ಕೆ ಓಡಿದರು. ಕತ್ತರಿ ಹಿಡಿದು ಬಸ್ ಹತ್ತಿದ ಇವರನ್ನು ನೋಡಿ ಕಂಡಕ್ಟರ್ ಸೀಟಿ ಊದುವುದನ್ನೇ ಮರೆತನಂತೆ. ಸೀಟಿನಲ್ಲಿ ಕೂತಿದ್ದ ಆ ಗಿರಾಕಿಯ ಕಿವಿ ಹಿಡಿದು, ಎಳ್ಳಿನಷ್ಟನ್ನು ಕತ್ತರಿಸಿ, "ಈಗ ಹೋಗಿ ಬನ್ನಿ," ಎಂದು ಇಳಿದು ಬಂದರು. ಅಂದಿನಿಂದ ಅವರು ತಕ್ಕಡಿ. ವಯಸ್ಸಾದಂತೆ ಮಾಮ ಎಂಬುದು ತಾನಾಗಿ ಅಂಟಿಕೊಂಡಿತು.

ಅವರ ಅಂಗಡಿಯಲ್ಲಿ ಇರುವುದು ಎರಡೇ ಕುರ್ಚಿ, ಕಾಯುವವರಿಗೆ ಒಂದು ಬೆಂಚು, ಉದ್ದನೆಯ ಒಂದು ಕನ್ನಡಿ, ಬಿಸಿನೀರಿನ ಕೆಟಲು, ಮಧ್ಯದ ಹಾಳೆ ಎಂದೋ ಕಾಣೆಯಾದ ದಿನಪತ್ರಿಕೆ. ಬಾಗಿಲ ಹತ್ತಿರದ ಕುರ್ಚಿ ಮಾಮನದು. ಒಳಗಿನದು ಮಗಳದು. ಆರು ವರ್ಷದ ಹಿಂದೆ ಮಗಳು ಆ ಕುರ್ಚಿಯ ಹಿಂದೆ ನಿಂತಾಗ, ಹಳೆಯ ಗಿರಾಕಿಗಳು ಒಳಗೆ ಬರದೆ, ಹೊರಗೇ ನಿಂತು ಹವಾಮಾನದ ಮಾತಾಡುತ್ತಿದ್ದರು. ಈಗ ಮಗಳ ಕುರ್ಚಿಗೆ ಕಾಲೇಜಿನವರೂ ಆಫೀಸಿನವರೂ ಸಾಲು ನಿಲ್ಲುತ್ತಾರೆ. ಗಡ್ಡ ತೆಗೆಸಲು ಬರುವ ಹಿರಿತಲೆಗಳು ಮಾತ್ರ ಮಾಮನನ್ನು ಬಿಟ್ಟು ಕದಲುವವರಲ್ಲ.

ಇನ್ನು ಸೋಪು. ಮೂವತ್ತಾರು ವರ್ಷದಿಂದ ಒಂದೇ ಸೋಪು. ಇಟ್ಟಿಗೆಯಂಥ ಬಿಳಿ ತುಂಡನ್ನು ದಾರದಿಂದ ಕೊಯ್ದು, ಬಟ್ಟಲಿಗೆ ಒತ್ತಿ, ಬ್ರಷ್ ಆಡಿಸಿದರೆ ನೊರೆ ಬರುತ್ತದೆ. ವಾಸನೆ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. "ಸೋಪು ಇರೋದು ಕೂದಲು ಮೆತ್ತಗಾಗೋದಕ್ಕೆ, ಮನುಷ್ಯ ಮೆತ್ತಗಾಗೋದಕ್ಕಲ್ಲ," ಎಂದು ಮಾಮ ಹೇಳುವುದನ್ನು ಕೇಳಿ ಕೇಳಿ ಮಗಳಿಗೆ ಬಾಯಿಪಾಠವಾಗಿತ್ತು.

ಅಂಥ ಮಗಳು ಒಂದು ಬೆಳಿಗ್ಗೆ ಐದು ಸೋಪು ತಂದು ಕನ್ನಡಿಯ ಮುಂದೆ ಸಾಲಾಗಿ ಇಟ್ಟಳು. ಒಂದು ಮರದ ಬಟ್ಟಲಿನಲ್ಲಿತ್ತು. ಒಂದರಲ್ಲಿ ನಿಂಬೆಯ ವಾಸನೆ, ಇನ್ನೊಂದರಲ್ಲಿ ಹೊಸ ಚಪ್ಪಲಿಯ ವಾಸನೆ. ನಾಲ್ಕನೆಯದರ ಮೇಲೆ ಕತ್ತೆಯ ಹಾಲಿನಿಂದ ಮಾಡಿದ್ದು ಎಂದು ಹೆಮ್ಮೆಯಿಂದ ಬರೆದಿತ್ತು. ಐದನೆಯದು ಹಸಿರು ತಗಡಿನ ಡಬ್ಬಿ. ಬೆಲೆ ಕೇಳಿ ಮಾಮ ಲೆಕ್ಕ ಹಾಕಿದರು. ಹಸಿರು ಡಬ್ಬಿ ಒಂದಕ್ಕೆ ನಲವತ್ತೆರಡು ಗಡ್ಡ ತೆಗೆಯಬೇಕು.

"ಇದನ್ನ ಮುಖಕ್ಕೆ ಹಚ್ಚಬೇಕೋ, ಬೀರುವಿನಲ್ಲಿ ಇಟ್ಟು ಬೀಗ ಹಾಕಬೇಕೋ?"

"ಅಪ್ಪ, ನಾನೇ ನನ್ನ ಉಳಿತಾಯದಲ್ಲಿ ತಂದಿದ್ದು. ಒಂದು ಸಲ ಹಚ್ಚಿ ನೋಡು. ಚೆನ್ನಾಗಿದ್ರೆ ಇನ್ಮೇಲೆ ಅದನ್ನೇ ಇಡೋಣ. ಗಡ್ಡಕ್ಕೆ ಸ್ವಲ್ಪ ರೇಟು ಏರಿಸೋಣ."

"ರೇಟು ಏರಿಸಿದ್ರೆ ಪೆನ್ಷನ್‌ನವರು ಎಲ್ಲಿಗೆ ಹೋಗ್ತಾರೆ?"

"ಬೇರೆ ಕಡೆ ಇದಕ್ಕಿಂತ ಕಮ್ಮಿ ಇದ್ರೆ ತಾನೇ ಹೋಗೋದು? ಒಂದು ಸಲ ನೋಡಪ್ಪ. ನಿನ್ನ ದಮ್ಮಯ್ಯ."

ಮಗಳು ದಮ್ಮಯ್ಯ ಎಂಬಷ್ಟು ದೂರ ಹೋಗುವವಳಲ್ಲ. ಮಾಮನಿಗೆ ಅದು ವಿಚಿತ್ರ ಅನ್ನಿಸಿತು. ಆದರೂ ತಕ್ಕಡಿಯ ಬುದ್ಧಿ ಬಿಡಬೇಕಲ್ಲ! "ಆಗಲಿ, ತೂಗಿಯೇ ಬಿಡೋಣ. ಸೋಪು ಗೆದ್ರೆ ನೀನು ಹೇಳಿದ ಹಾಗೆ. ಸೋತ್ರೆ ಇನ್ನು ಈ ಅಂಗಡಿಯಲ್ಲಿ ಸೋಪಿನ ಮಾತು ಎತ್ತಬಾರದು," ಎಂದರು.

ನಿಯಮಗಳನ್ನೂ ಅವರೇ ಮಾಡಿದರು. ಪ್ರತಿ ಗಿರಾಕಿಯ ಬಲಗೆನ್ನೆಗೆ ದುಬಾರಿ ಸೋಪು, ಎಡಗೆನ್ನೆಗೆ ಬಿಳಿ ಸೋಪು. ಯಾವುದು ಯಾವ ಕಡೆ ಎಂದು ಹೇಳುವ ಹಾಗಿಲ್ಲ. ವಾಸನೆ ಮೋಸ ಮಾಡಬಾರದೆಂದು ಎಲ್ಲರ ಮೂಗಿನ ಕೆಳಗೆ ನೆಗಡಿಯ ಮುಲಾಮು. ಮತ್ತೆ, ಎರಡೂ ಕೆನ್ನೆಗೆ ಒಂದೇ ಕೈ, ಅಂದರೆ ಮಾಮನದೇ ಕೈ. "ಕೈ ಬೇರೆ ಆದ್ರೆ ತೂಕ ಕೆಡುತ್ತೆ," ಎಂದು ಮಗಳನ್ನು ದೂರವಿಟ್ಟರು. ಅವರಂಥವರು ಮಾತ್ರ ಮಾಡಬಹುದಾದ ತಪ್ಪು ಅದು. ಲೋಕದಲ್ಲಿ ಏನೇ ಏರುಪೇರಾದರೂ ತಮ್ಮ ಕೈ ಮಾತ್ರ ಇದ್ದ ಹಾಗೇ ಇರುತ್ತದೆ ಎಂದು ಅವರು ನಂಬಿದ್ದರು.

ಮೂರು ವಾರ ಅಂಗಡಿ ಘಮಘಮಿಸಿತು. ಮುಲಾಮು ಹಚ್ಚಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ಹೊರಬಂದವರನ್ನು ನೋಡಿ ಪಕ್ಕದ ದರ್ಜಿ, "ಅಷ್ಟು ನೋವಾಯ್ತಾ?" ಎಂದು ಕೇಳಿದನು. ಕತ್ತೆ ಹಾಲಿನ ಸುದ್ದಿ ಹೇಗೋ ಹೊರಬಿದ್ದು, ನಿವೃತ್ತ ಪೋಸ್ಟ್ ಮಾಸ್ಟರು, "ನನ್ನ ಮುಖಕ್ಕೆ ಅದೇ ಸರಿ, ಅದನ್ನೇ ಹಚ್ಚಯ್ಯ," ಎಂದು ಹಟ ಹಿಡಿದರು. ಪ್ರತಿಯೊಬ್ಬರ ಉತ್ತರವನ್ನೂ ಮಾಮ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಂಡರು.

ಫಲಿತಾಂಶ ಒಂದೇ ದನಿಯಲ್ಲಿ ಬಂತು. ಐದೂ ಸೋಪು ಗೆದ್ದಿದ್ದವು. ಬಲಗೆನ್ನೆ ನುಣುಪು, ಎಡಗೆನ್ನೆಯಲ್ಲಿ ಒಂಚೂರು ಉರಿ, ಇಷ್ಟೇ ಎಲ್ಲರ ಮಾತು. ಮಗಳ ಮುಖ ಅರಳಿತು. ಮಾಮನ ಮುಖ ಸಪ್ಪಗಾಯಿತು. ಮೂವತ್ತಾರು ವರ್ಷ ಜನರ ಕೆನ್ನೆಗೆ ಕಳಪೆ ಸೋಪು ಮೆತ್ತಿದೆನೇ ಎಂದು ಅವರಿಗೆ ನಾಚಿಕೆಯಾಯಿತು. ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಆದರೆ ಸಾಮಾನು ತೂಗುವವರು ತಕ್ಕಡಿಯ ಮೇಲೆ ಅನುಮಾನ ಬಂದರೆ ಒಂದು ಕೆಲಸ ಮಾಡುತ್ತಾರೆ. ಎಡತಟ್ಟೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಮತ್ತೊಮ್ಮೆ ತೂಗುತ್ತಾರೆ. ಮಾಮನಿಗೆ ಅದು ನೆನಪಾಯಿತು.

"ನಾಳೆಯಿಂದ ಕೆನ್ನೆ ಬದಲಾಯಿಸೋಣ. ದುಬಾರಿದು ಎಡಕ್ಕೆ."

"ಯಾಕಪ್ಪ? ಐದೂ ಗೆದ್ದಾಯ್ತಲ್ಲ, ಸಾಕು ಬಿಡು." ಮಗಳು ಇದನ್ನು ಎಷ್ಟು ಅವಸರದಲ್ಲಿ ಹೇಳಿದಳೆಂದರೆ, ಕೈಯಲ್ಲಿದ್ದ ಬಾಚಣಿಗೆ ಜಾರಿ ಕೆಳಗೆ ಬಿತ್ತು.

"ಸೋಪು ಒಳ್ಳೇದಾಗಿದ್ರೆ ಎಡಗಡೇನೂ ಗೆಲ್ಲುತ್ತೆ. ಅದಕ್ಕೇನು ಭಯ?" ಎಂದರು ಮಾಮ.

ಗೆಲ್ಲಲಿಲ್ಲ. ಮರದ ಬಟ್ಟಲು, ನಿಂಬೆ, ಚಪ್ಪಲಿ, ಕತ್ತೆ, ನಾಲ್ಕೂ ಎಡಗೆನ್ನೆಗೆ ಹೋದದ್ದೇ ತಡ ಸೋತುಹೋದವು. ಅದೇ ಬಡ ಬಿಳಿ ಸೋಪು ಬಲಕ್ಕೆ ಬಂದು ಗೆದ್ದಿತು. ಹಸಿರು ಡಬ್ಬಿಯೊಂದು ಮಾತ್ರ ಬೇರೆ. ಅದನ್ನು ಎಡಕ್ಕೆ ಹಚ್ಚಿದಾಗ ಎಲ್ಲರೂ, "ಎರಡೂ ಕಡೆ ಒಂದೇ ಥರ ಇದೆ," ಎಂದರು. ಅದರ ನೊರೆ ಗಟ್ಟಿ ಕೆನೆಯ ಹಾಗೆ ದಪ್ಪ. ಕತ್ತಿ ಅದರ ಮೇಲೆ ತೇಲಿಕೊಂಡು ಹೋಗುತ್ತಿತ್ತು.

ಅಂಗಡಿಗೆ ರಜೆಯಿದ್ದ ದಿನ ಮಾಮ ಕ್ಯಾಲೆಂಡರಿನ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಯಾವ ಸೋಪು ಹಚ್ಚಿದರೂ ಬಲಗೆನ್ನೆ ಗೆಲ್ಲುತ್ತಿದೆ ಎಂದರೆ, ಇಷ್ಟು ದಿನ ತೂಗಿದ್ದು ಸೋಪನ್ನಲ್ಲ. ಹೆಂಡತಿ ಟೀ ತಂದು ಪಕ್ಕದಲ್ಲಿಟ್ಟರು. ಲೋಟದ ಮುಕ್ಕಾಲು ಭಾಗ ಮಾತ್ರ ಟೀ. ಕೆಲವು ತಿಂಗಳಿಂದ ಹೀಗೇ. ಹಾಲಿನ ಬೆಲೆ ಏರಿದ್ದಕ್ಕೆ ಇರಬೇಕೆಂದು ಮಾಮ ಸುಮ್ಮನಿದ್ದರು. ಇಂದು ಲೋಟ ಎತ್ತಿ, ಬಾಯಿಗೆ ತರದೆ, ಹಾಗೇ ಹಿಡಿದು ನೋಡಿದರು. ಟೀ ಅಂಚಿನವರೆಗೆ ಬಂದು ಬಂದು ಹಿಂದೆ ಹೋಗುತ್ತಿತ್ತು.

"ನಿನಗೆ ಯಾವಾಗಿಂದ ಗೊತ್ತು?" ಎಂದು ಕೇಳಿದರು.

ಹೆಂಡತಿ ಪಕ್ಕದಲ್ಲಿ ಕೂತು, ಹರಡಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿದರು.

ಮಾಮನಿಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಬಲಗೆನ್ನೆ ತೆಗೆಯುವಾಗ ಅವರ ಮೊಣಕೈ ತಮ್ಮ ಪಕ್ಕೆಗೆ ಒರಗಿರುತ್ತದೆ. ಎಡಗೆನ್ನೆಗೆ ಗಿರಾಕಿಯ ಮೇಲಿಂದ ತೋಳು ಚಾಚಬೇಕು, ಆಸರೆ ಇರುವುದಿಲ್ಲ. ಅಲ್ಲಿ ಕತ್ತಿ ಒಮ್ಮೊಮ್ಮೆ ತಡವರಿಸುವುದು ಅವರ ಅರಿವಿಗೆ ಬಂದಿತ್ತು. ಕತ್ತಿಗೆ ಸಾಣೆ ಸಾಲದು ಎಂದರು, ಚಳಿ ಎಂದರು, ಈಗಿನವರ ಗಡ್ಡವೇ ಒರಟು ಎಂದರು. ಬೇರೆಯವರ ಎಳ್ಳಿನಷ್ಟು ಕೂದಲಿಗೆ ಬಸ್ಸು ಹತ್ತಿದವರು, ತಮ್ಮ ವಿಷಯ ಬಂದಾಗ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರು. ಮನುಷ್ಯ ಅಂದರೆ ಹೀಗೇ.

ಆದರೂ ಕೊನೆಯ ತೂಕ ಒಂದು ಆಗಬೇಕಿತ್ತು. ಮಾರನೆಯ ದಿನ ಪೋಸ್ಟ್ ಮಾಸ್ಟರು ಬಂದಾಗ ಎರಡೂ ಕೆನ್ನೆಗೆ ಬಿಳಿ ಸೋಪನ್ನೇ ಹಚ್ಚಿದರು. ಕೆಲಸ ಮುಗಿಸಿ, ಮುಖ ಒರೆಸಿ ಕೇಳಿದರು.

"ಯಾವ ಕಡೆ ಚೆನ್ನಾಗಿದೆ ಸಾರ್?"

"ಬಲಗಡೆ. ಎಡಗಡೆ ಸ್ವಲ್ಪ ಉರಿ."

"ಇವತ್ತು ಮಾತ್ರವೋ, ಯಾವಾಗಲೂ ಹಾಗೆಯೋ? ನಿಜ ಹೇಳಿ ಸಾರ್."

ಪೋಸ್ಟ್ ಮಾಸ್ಟರು ಕನ್ನಡಿಯಲ್ಲಿ ಮಾಮನ ಮುಖ ನೋಡಿದರು. ನಂತರ ಕೆನ್ನೆ ಸವರಿಕೊಳ್ಳುತ್ತ, "ಒಂದು ವರ್ಷದಿಂದ ಇದೆಯಪ್ಪ. ಇರಲಿ, ಪರವಾಗಿಲ್ಲ," ಎಂದರು.

ಮೂವತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತವರು ಭೇಷ್ ಎಂದಿದ್ದರು, ಬೈದಿದ್ದರು, ನಿದ್ದೆ ಹೋಗಿ ಗೊರಕೆ ಹೊಡೆದಿದ್ದರು. ಪರವಾಗಿಲ್ಲ ಎಂದವರು ಯಾರೂ ಇರಲಿಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹಸಿರು ಡಬ್ಬಿ ಅವರ ತೊಡೆಯ ಮೇಲಿತ್ತು.

"ಬೆಂಚಿನ ಮೇಲೆ ಕೂತವರು ಕೇಳಿದ್ರಾ ನಿನ್ನ ಹತ್ರ, ನಮಗೆ ಒಳ್ಳೇ ಸೋಪು ಬೇಕು ಅಂತ?"

ಮಗಳು ತಲೆ ತಗ್ಗಿಸಿದಳು.

"ನನ್ನ ಕೈ ಮುಚ್ಚೋದಕ್ಕೆ ತಂದಿದ್ದಲ್ವಾ ಇದು?"

"ದಪ್ಪ ನೊರೆ ಇದ್ರೆ ಕತ್ತಿ ತಾಗಲ್ಲ ಅಂತ ಯಾರೋ ಹೇಳಿದ್ರು ಅಪ್ಪ. ಯಾವುದು ಅಂತ ಗೊತ್ತಿರಲಿಲ್ಲ, ಅದಕ್ಕೇ ಐದು ತಂದೆ." ಅವಳು ಡಬ್ಬಿಯನ್ನು ಅಪ್ಪನ ಕೈಯತ್ತ ಸರಿಸಿದಳು. "ನೀನು ಕತ್ತಿ ಕೆಳಗಿಡೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಅವಳ ಮೇಲೆ ರೇಗಬೇಕೆಂದು ಮಾಮ ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದರು. ಒಂದೂ ಬಾಯಿಗೆ ಬರಲಿಲ್ಲ. ತನ್ನ ಉಳಿತಾಯ ಸುರಿದು, ಅಪ್ಪನ ಹತ್ತಿರ ಬೈಸಿಕೊಂಡು, ಅಪ್ಪನ ಮರ್ಯಾದೆಯನ್ನು ಡಬ್ಬಿಯಲ್ಲಿ ತಂದಿಟ್ಟಿದ್ದಳಲ್ಲ ಈ ಹುಡುಗಿ. ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ನಡುಗಿತು. ಅಡಗಿಸಲು ಹೋಗಲಿಲ್ಲ.

"ಆ ನಾಲ್ಕು ದಂಡ ಕಣಮ್ಮ. ಬರೀ ಡಬ್ಬಿಗೆ ಕೊಟ್ಟ ದುಡ್ಡು. ಇದು ಮಾತ್ರ ಬೆಲೆಗೆ ತಕ್ಕದ್ದೇ," ಎಂದು ಹಸಿರು ಡಬ್ಬಿ ತೋರಿಸಿದರು.

"ಹಾಗಾದ್ರೆ ಇಟ್ಕೋ ಅಪ್ಪ. ನಾನು ಗೆದ್ದೆ ತಾನೇ?"

"ಗೆದ್ದೆ. ಆದ್ರೆ ಇದು ಒಳ್ಳೇದು ಮಾಡೋದು ಯಾರಿಗೆ ಹೇಳು. ಗಿರಾಕಿ ಕೆನ್ನೆಗಲ್ಲ, ನನ್ನ ಕೈಗೆ. ನನ್ನ ನಡುಕಕ್ಕೆ ಪೆನ್ಷನ್‌ನವರು ಯಾಕೆ ದುಡ್ಡು ಕೊಡಬೇಕು?" ಮಗಳು ಏನೋ ಹೇಳಲು ಬಾಯಿ ತೆರೆದಳು. ಮಾಮ ಬಿಡಲಿಲ್ಲ. "ಅವರಿಗೆ ದುಡ್ಡು ಕೊಡಬೇಡಿ ಅಂದ್ರೂ, ಇನ್ನೊಂದು ವರ್ಷ ಇದು ಕಾಪಾಡುತ್ತೆ. ಆಮೇಲೆ ಇದಕ್ಕಿಂತ ದಪ್ಪ ನೊರೆ ಹುಡುಕಬೇಕು. ಒಂದು ದಿನ ಯಾರದ್ದೋ ಕುತ್ತಿಗೆ ಹತ್ರ ನೊರೆ ತೆಳುವಾಗಿರುತ್ತೆ. ಆವತ್ತು ಏನು ಮಾಡ್ಲಿ?"

ನೊರೆಗೆ ಬೆಲೆ ಕಟ್ಟಬಹುದು, ಕುತ್ತಿಗೆಗೆ ಯಾರು ಕಟ್ಟುತ್ತಾರೆ? ಮಗಳು ಹಸಿರು ಡಬ್ಬಿಯನ್ನು ಅಪ್ಪನ ತೊಡೆಯ ಮೇಲಿಂದ ಎತ್ತಿ ಒಳಗಿಟ್ಟಳು.

ನಾಲ್ಕು ದಿನ ಕಳೆದು ಪೋಸ್ಟ್ ಮಾಸ್ಟರು ಮತ್ತೆ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದರು. ಮಾಮ ಟವೆಲು ಸುತ್ತಿ, ಬಿಸಿನೀರು ಹಚ್ಚಿ, ಬಿಳಿ ಸೋಪಿನ ನೊರೆಯನ್ನು ಕಿವಿಯಿಂದ ಕಿವಿಯವರೆಗೆ ತುಂಬಿದರು. ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದು ಎಳೆದು ಹದ ಮಾಡಿದರು. ಆಮೇಲೆ ಒಳಗಿನ ಕುರ್ಚಿಯ ಕಡೆ ತಿರುಗಿ, "ಬಾರಮ್ಮ," ಎಂದು ಕರೆದು, ಕತ್ತಿಯನ್ನು ಮಗಳ ಅಂಗೈಯಲ್ಲಿಟ್ಟರು.

ಪೋಸ್ಟ್ ಮಾಸ್ಟರು ಒಂದು ಕಣ್ಣು ತೆರೆದರು. "ಏನಯ್ಯ ಇದು? ನೀನೇ ಮಾಡು, ಪರವಾಗಿಲ್ಲ ಅಂದ್ನಲ್ಲ."

"ನಿಮಗೆ ಪರವಾಗಿಲ್ಲ ಅನ್ನಿಸಬಹುದು ಸಾರ್. ನನಗೆ ಆಗಲ್ಲ."

ಮಗಳು ಅಪ್ಪನ ಮುಖ ನೋಡಿದಳು. ಮಾಮ ಕುರ್ಚಿಯ ಆ ಬದಿಗೆ ಹೋಗಿ, ಪೋಸ್ಟ್ ಮಾಸ್ಟರ ತಲೆಯನ್ನು ಮೆಲ್ಲಗೆ ಓರೆ ಮಾಡಿ, ಎಡಗೆನ್ನೆಯ ಚರ್ಮವನ್ನು ಬೆರಳಿಂದ ಬಿಗಿಹಿಡಿದು ಕೊಟ್ಟರು. ಮಗಳು ತೋಳು ಚಾಚಿದಳು. ಕತ್ತಿ ಕಿವಿಯ ಪಕ್ಕದಿಂದ ಇಳಿದು, ದವಡೆ ತಿರುಗಿ, ಗಲ್ಲದವರೆಗೆ ಒಂದೇ ಎಳೆತಕ್ಕೆ ಬಂತು. ಎಲ್ಲೂ ತಡೆಯಲಿಲ್ಲ. ಮಾಮ ಉಸಿರು ಬಿಗಿಹಿಡಿದು ಆ ಕೈಯನ್ನೇ ನೋಡುತ್ತಿದ್ದರು. ಇಷ್ಟು ಚೆನ್ನಾಗಿ ಕಲಿತಳಲ್ಲ ಎಂಬ ಹೆಮ್ಮೆ, ಇನ್ನು ನನ್ನದು ಮುಗಿಯಿತಲ್ಲ ಎಂಬ ಸಂಕಟ, ಎರಡೂ ಒಟ್ಟಿಗೇ ಬಂದವು. ಯಾವುದು ಹೆಚ್ಚು ಎಂದು ತೂಗಲು ಅವರಿಗೆ ಮನಸ್ಸಾಗಲಿಲ್ಲ.

ಮುಖ ಒರೆಸಿದ ಮೇಲೆ ಮಾಮನೇ ಕೇಳಿದರು, "ಎಡಗಡೆ ಹೇಗಿದೆ ಸಾರ್?"

ಪೋಸ್ಟ್ ಮಾಸ್ಟರು ಕೆನ್ನೆಯ ಮೇಲೆ ಕೈಯಾಡಿಸಿದರು. ಹಳೆಯ ಸ್ನೇಹಿತನಿಗೆ ನೋವಾಗದ ಹಾಗೆ ಏನಾದರೂ ಹೇಳಬಹುದಿತ್ತು. ಒಂದು ವರ್ಷ ಉರಿಯನ್ನು ನುಂಗಿಕೊಂಡು ಬಂದಿದ್ದರು. ಇಂದು ಮಾತ್ರ ಅವರು ಕನ್ನಡಿಯಲ್ಲಿ ಮಾಮನ ಕಣ್ಣನ್ನೇ ನೋಡಿ ಹೇಳಿದರು, "ಇಷ್ಟು ನುಣ್ಣಗಾಗಿ ಬಹಳ ದಿನ ಆಗಿತ್ತಪ್ಪ."

ಮಾಮ ತಲೆಯಾಡಿಸಿದರು. ಟವೆಲನ್ನು ಕೊಡವಿ ಮಡಿಸಿದರು. ಬೆಂಚಿನ ಮೇಲೆ ಇನ್ನಿಬ್ಬರು ಹಿರಿಯರು ತಮ್ಮ ಸರದಿಗೆ ಕಾಯುತ್ತಿದ್ದರು.

"ಬನ್ನಿ ಸಾರ್," ಎಂದು ಮೊದಲನೆಯವರನ್ನು ಕರೆದು, ಮಾಮ ಅವರನ್ನು ಕೈಹಿಡಿದು ಮಗಳ ಕುರ್ಚಿಯವರೆಗೆ ಕರೆದುಕೊಂಡು ಹೋದರು.