ಬಟನ್ ಕೆಳಗಿನ ಹಸಿರು ಚುಕ್ಕೆ

ದೆವ್ವ, ಶಕುನ ಅಂದವರನ್ನೆಲ್ಲ ಗೇಲಿ ಮಾಡುತ್ತಿದ್ದವನು ನಾನು. ಈಗ ನಂಬುತ್ತೇನೆ ಅಂತಲೂ ಹೇಳಲಾರೆ. ಗೇಲಿ ಮಾಡುವುದನ್ನಂತೂ ಬಿಟ್ಟಿದ್ದೇನೆ.

ಮೊಬೈಲ್ ಆ್ಯಪ್‌ಗಳ ಪರದೆ ಹೇಗಿರಬೇಕೆಂದು ಕಂಪ್ಯೂಟರಿನಲ್ಲಿ ಬಿಡಿಸಿ, ಒತ್ತಿ ನೋಡುವಂಥ ಮಾದರಿ ಮಾಡಿಕೊಡುವುದು ನನ್ನ ಕೆಲಸ. ಮಂಡ್ಯದ ನನ್ನ ರೂಮಿನಲ್ಲಿ ಕೂತು, ಕಾವೇರಿ ದಡದ ಮುತ್ತತ್ತಿ ದೇವಸ್ಥಾನಕ್ಕೆ ಹೋಗುವವರಿಗಾಗಿ ಒಂದನ್ನು ಬಿಡಿಸುತ್ತಿದ್ದೆ. ಹೊಳೆಯಲ್ಲಿ ಎಲ್ಲಿ ಇಳಿದರೆ ಭಯವಿಲ್ಲವೆಂದು ತೆಪ್ಪದವರನ್ನು ಕೇಳಿ ಬಂದು, ನಕ್ಷೆಯಲ್ಲಿ ಅಲ್ಲಿ ಹಸಿರು ಚುಕ್ಕೆ ಇಟ್ಟೆ. ಹಾಳಾದ್ದು, ಅರ್ಧ ಚುಕ್ಕೆ 'ದಾರಿ ತೋರಿಸು' ಬಟನ್ ಕೆಳಗೆ ಸಿಕ್ಕಿಕೊಂಡಿತು. ನೋಡಲು ಅಸಹ್ಯ. ಬರೀ ಮಾದರಿ ತಾನೇ ಅಂತ ಒಂದು ಬೆರಳಷ್ಟು ಮೇಲಕ್ಕೆ ಸರಿಸಿ, ನೋಡಿ ಹೇಳು ಅಂತ ಮಳವಳ್ಳಿಯ ಅಕ್ಕನಿಗೆ ಲಿಂಕ್ ಕಳಿಸಿದೆ. ಫೈಲಿನಲ್ಲಿ ಏನು ಬದಲಾದರೂ ಆ ಲಿಂಕಿನಲ್ಲಿ ತಾನಾಗಿ ಕಾಣುತ್ತದೆ.

ಊಟ ಮಾಡಿ ಬಂದರೆ ಚುಕ್ಕೆ ಮತ್ತೆ ಬಟನ್ ಕೆಳಗೆ! ಮೇಲೆತ್ತಿದೆ. ಸಂಜೆಗೆ ಮತ್ತೆ ಅಲ್ಲೇ. ಆ ಫೈಲಿಗೆ ನಾನಲ್ಲದೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಸಿಟ್ಟು ಬಂದು ಮೇಲಕ್ಕೆ ಸರಿಸಿ, ಅಲುಗದಂತೆ ಲಾಕ್ ಮಾಡಿದೆ. ಮನಸ್ಸು ಮಾತ್ರ ಸಮಾಧಾನವಾಗಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಮದ್ದೂರಿನ ಬಸ್ಸಿನಲ್ಲಿದ್ದಾಗ ಅಕ್ಕನ ಫೋನು ಬಂತು.

"ಐಕ್ಳ ಕರ್ಕಂಡು ಮುತ್ತತ್ತಿಗೆ ಒಂಟಿವ್ನಿ ಕಣ್ಲಾ. ಮೊದ್ಲು ಸ್ನಾನ, ಆಮೇಕೆ ಪೂಜೆ. ನಿನ್ ಅಸ್ರು ಚುಕ್ಕೆ ಅದ್ಯಲ್ಲ, ಅಲ್ಲೇ ಇಳೀತೀವಿ ಬುಡು."

ಬೇಡ ಅನ್ನುವಷ್ಟರಲ್ಲಿ ಲೈನು ಕಟ್ಟಾಯಿತು. "ಅದ್ಕಿಂತ ಮ್ಯಾಕೆ ಓಗ್ಬ್ಯಾಡಿ, ಮಡು ಅದೆ" ಎಂದು ತೆಪ್ಪದವನು ಹೇಳಿದ್ದು ಆಗ ನೆನಪಾಯಿತು. ನಾನು ಚುಕ್ಕೆ ಸರಿಸಿದ್ದು ಆ ಮಡುವಿನತ್ತಲೇ. ಎಷ್ಟು ಸಲ ಫೋನು ಮಾಡಿದರೂ ಸಿಗಲಿಲ್ಲ. ಚುಕ್ಕೆ ಸರಿಪಡಿಸೋಣವೆಂದರೆ ಲ್ಯಾಪ್‌ಟಾಪು ಮಂಡ್ಯದಲ್ಲಿತ್ತು. ಮದ್ದೂರಿನಲ್ಲಿ ಸಿಕ್ಕಿದ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಅಲ್ಲಿಂದ ಮುಂದಕ್ಕೆ ಬಸ್ಸಾಗಲಿ ಆಟೋ ಆಗಲಿ ಸಿಗಲಿಲ್ಲ. ಬೀಗ ಹಾಕಿದ ಅಕ್ಕನ ಮನೆ ಮುಂದೆ ಕೂರಲಾರದೆ, ನಿಲ್ಲಲಾರದೆ ಒದ್ದಾಡಿದೆ. ನನ್ನ ಕೈ ಕತ್ತರಿಸಿ ಹಾಕಬೇಕು ಅನ್ನಿಸಿತು.

ಮಧ್ಯಾಹ್ನ ಕಾರು ಬಂತು. ಒದ್ದೆ ತಲೆಯ ಎರಡು ಮಕ್ಕಳೂ ಇಳಿದವು. ಎರಡನ್ನೂ ತಬ್ಬಿಕೊಂಡು ಅತ್ತುಬಿಟ್ಟೆ.

ಅಕ್ಕ ಬೈದಳು: "ಯಾಕ್ಲಾ ಅಳ್ತಿದ್ದೀಯೆ? ಅದೇನ್ ಮಾಡಿದ್ದೀಯೋ ಕಾಣೆ, ನೆನ್ನೆ ಸರ್ಯಾಗಿತ್ತು, ಇವತ್ತು ಚುಕ್ಕೆ ಬಟನ್ ಕೆಳೀಕೆ ಸಿಕ್ಕಂಡದೆ. ಕಣ್ ಕಿತ್ಕಂಡು ಉಡುಕಿ ಅಲ್ಲೇ ಇಳುದ್ವಿ!"

ಸಂಜೆ ಮಂಡ್ಯಕ್ಕೆ ಬಂದು ಫೈಲು ತೆರೆದೆ. ಯಾರು ಯಾವಾಗ ಏನು ಬದಲಿಸಿದರೆಂಬ ಪಟ್ಟಿ ಅದರಲ್ಲೇ ಇರುತ್ತದೆ. ನಾನು ಬಸ್ಸಿನಲ್ಲಿದ್ದ ಹೊತ್ತಿಗೆ ಲಾಕ್ ತೆಗೆದು ಚುಕ್ಕೆ ಕೆಳಗಿಳಿಸಲಾಗಿತ್ತು. ಎದುರಿಗೆ ನನ್ನದೇ ಹೆಸರು. ಲ್ಯಾಪ್‌ಟಾಪು ಬೀಗ ಹಾಕಿದ ರೂಮಿನಲ್ಲಿತ್ತಲ್ಲ! ಎಷ್ಟು ವರ್ಷ ತಲೆ ಕೆಡಿಸಿಕೊಂಡರೂ ನನಗಿದು ಬಗೆಹರಿದಿಲ್ಲ.

ಆ ಚುಕ್ಕೆಯನ್ನು ಮತ್ತೆ ಮುಟ್ಟಲಿಲ್ಲ. ಬಟನ್ನನ್ನೇ ಪಕ್ಕಕ್ಕೆ ಸರಿಸಿದೆ.