ಕುಬಸದ ತಟ್ಟೆಯಲ್ಲಿ ಬೀಡಿ ಕಟ್ಟು

ಬಲಗೈಯ ಹೆಬ್ಬೆರಳು ಕಪ್ಪು, ಪಕ್ಕದ ಎರಡು ಬೆರಳು ಹಳದಿ. ನನ್ನ ಅತ್ತಿಗೆಯ ಕೈ ಇದ್ದದ್ದು ಹಾಗೆ. ಕಪ್ಪು ಬಣ್ಣ ಹಸಿ ಅಡಿಕೆ ಸುಲಿದ ಕರೆ, ಹಳದಿ ಬೀಡಿಯದು. ಹೆಂಗಸು ಬೀಡಿ ಸೇದೋದಾ ಅಂತ ಮೂಗು ಮುರಿಯಬೇಡಿ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವರ ಸಾಲಿನಲ್ಲಿ ಒಮ್ಮೆ ಕೂತು ನೋಡಿ, ಆಮೇಲೆ ಮಾತಾಡೋಣ.

ಆಕೆಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ನಿಂತಾಗ ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ನರ್ಸಮ್ಮನಿಗೆ ವಾಸನೆ ಬಡಿಯಿತು.

“ಬೀಡಿ ಸೇದ್ತೀರೇನ್ರೀ? ಇವತ್ತೇ ಬಿಡ್ರಿ. ಅದು ಮಗೀಗೂ ತಾಗ್ತೈತೆ.”

“ಹಿಂದಿನ ಎರಡು ಅದಕ್ಕೇ ಹೋದವಾ?” ಅತ್ತಿಗೆ ಕೇಳಿದಳು.

“ಅದು ಹೇಳಾಕಾಗಲ್ಲ ಕಣಮ್ಮ. ಇದನ್ನ ಉಳಿಸ್ಕೊಳ್ಳಾಕೆ ನೋಡು.”

ಹೊರಗೆ ಬಂದವಳೇ ಸೊಂಟದ ಚೀಲದಿಂದ ಬೀಡಿ ಕಟ್ಟು ತೆಗೆದು ಚರಂಡಿಗೆ ಎಸೆದಳು. ಸಿನಿಮಾ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಆಗ ಶುರುವಾಯಿತು. ತಲೆನೋವು, ಪಾತ್ರೆಗಳ ಮೇಲೆ ಸಿಟ್ಟು. ಜೀರಿಗೆ ಜಗಿದಳು, ಒಣಕೊಬ್ಬರಿ ಜಗಿದಳು. ಅಣ್ಣ ಜಗಲಿಯಲ್ಲಿ ಒಂದು ಹಚ್ಚಿದ್ದಕ್ಕೆ, “ಕೆರೆ ಏರಿ ಮ್ಯಾಲೆ ಹೋಗಿ ಸೇದ್ರಿ. ಬಾಯಿ ತೊಳ್ಕಂಡು ಒಳಗೆ ಬರ್ರಿ” ಎಂದು ಚಪ್ಪಲಿ ಸಮೇತ ಹೊರಗಟ್ಟಿದಳು.

ಅಣ್ಣ ದಾರಿಗೆ ಬಂದ. ಬರದಿದ್ದವಳು ನಮ್ಮಮ್ಮ. ಸೊಸೆಯ ಸಂಕಟ ಆಕೆಗೆ ನೋಡಲಾಗಲಿಲ್ಲ. “ಒಂದೇ ಒಂದು ಸೇದವ್ವ. ಬಸುರಿ ಬಯಕೆ ತೀರಿಸ್ದಿದ್ರೆ ಮಗೀಗೆ ಕಿವಿ ಸೋರ್ತೈತೆ” ಎಂದು ದಿಂಬಿನಡಿ ಬೀಡಿ ಇಡುವಳು. ಅತ್ತಿಗೆ ವಾಪಸು ಕೊಡುವಳು. ಅಮ್ಮ ಮತ್ತೆ ಇಡುವಳು. ಪ್ರೀತಿಯಿಂದಲೇ.

ಕೊನೆಗೆ ಏಳನೇ ತಿಂಗಳ ಕುಬಸ ಬಂತು. ಹಸಿರು ಸೀರೆ ಉಡಿಸಿ ಕೂರಿಸಿದೆವು. ಬಯಕೆಯ ತಿನಿಸೆಲ್ಲ ಮುಂದಿಟ್ಟೆವು. ಕರ್ಜಿಕಾಯಿ, ಹೋಳಿಗೆ, ಹುಣಸೆಹಣ್ಣು. ನೋಡಿದರೆ ಬಳೆಗಳ ಪಕ್ಕದಲ್ಲಿ ಹೊಸ ಬೀಡಿ ಕಟ್ಟು! ಮುತ್ತೈದೆಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಬೆಂಕಿಪೊಟ್ಣ ಮರ್ತೀಯಲ್ಲೇ!” ಎಂದಳು ಒಬ್ಬಳು, ಅಮ್ಮನಿಗೆ.

ಅತ್ತಿಗೆ ನಗಲಿಲ್ಲ. ಆ ಕಟ್ಟನ್ನೇ ನೋಡುತ್ತಿದ್ದಳು. ಕೈ ಅರ್ಧ ಮುಂದೆ ಹೋದದ್ದನ್ನು ನಾನು ನೋಡಿದೆ. ಆಮೇಲೆ ಕೇಳಿದಳು:

“ಅತ್ತೀ, ನಾನೇನು ಕೇಳಿದ್ರೂ ಇಲ್ಲ ಅನ್ನಂಗಿಲ್ಲ ತಾನೆ ಇವತ್ತು?”

“ಇಲ್ಲ ಕಣವ್ವ, ಏನು ಬೇಕು ಕೇಳು.”

“ಹಂಗಾರೆ ಇನ್ನು ಮ್ಯಾಲೆ ಇದನ್ನ ನನ್ನ ಕಣ್ಣಿಗೆ ತೋರಿಸಬ್ಯಾಡ್ರಿ. ಇದೇ ನನ್ನ ಬಯಕೆ.”

ನಗು ನಿಂತಿತು. ಬಸುರಿಯ ಬಯಕೆ, ಅದೂ ಐದು ಜನ ಮುತ್ತೈದೆಯರ ಮುಂದೆ. ಅಮ್ಮ ಕಟ್ಟನ್ನು ಒಯ್ದು ಬಚ್ಚಲ ಒಲೆಗೆ ಹಾಕಿದಳು. ಮತ್ತೆ ಯಾವತ್ತೂ ತರಲಿಲ್ಲ.

ಮಗಳು ಹುಟ್ಟಿದಳು. ಈಗ ಶಾಲೆಗೆ ಹೋಗುತ್ತಾಳೆ. ನನ್ನನ್ನು ಅತ್ತೆ ಎನ್ನುವ ಜೀವ ಅದೊಂದೇ. ಅತ್ತಿಗೆಯ ಆ ಋಣ ನನ್ನ ಮೇಲಿದೆ.

ಮೊನ್ನೆ ಕೇಳಿದೆ, “ಈಗಂತೂ ಆಸೆ ಸತ್ತೋಗೈತಲ್ಲ?”

“ಯಾರು ಹೇಳಿದ್ರು?” ಎಂದಳು, ಮಗಳ ಜಡೆ ಹೆಣೆಯುತ್ತಾ. “ದಿನಾ ಬೇಕನ್ನಿಸ್ತೈತೆ. ದಿನಾ ಬ್ಯಾಡ ಅಂತೀನಿ.”