ಯುರೋಪಿನಲ್ಲಿ ಒಂದು ಇಳಿಜಾರು ಹುಡುಕುತ್ತ

ಅಕ್ಕನ ಸೈಕಲ್ಲಿನ ಬಣ್ಣ ಹಸಿರು ಎಂದು ನನ್ನ ನೆನಪು. ನೀಲಿ ಇತ್ತೆಂದು ಅಕ್ಕ ಹೇಳುತ್ತಾಳೆ. ಇಬ್ಬರಲ್ಲಿ ಒಬ್ಬರು ತಪ್ಪಿರಬೇಕು, ಬಹುಶಃ ನಾನೇ. ದಿನವೂ ಡೈರಿ ಬರೆಯುವ ರೂಢಿ ಇದ್ದರೂ, ಅಥವಾ ಆ ರೂಢಿಯಿಂದಲೇ, ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ಭರವಸೆಯಿಲ್ಲ. ನಿನ್ನೆ ಬರೆದದ್ದನ್ನು ಇಂದು ಓದಿದರೆ ಬರೆಯದೆ ಬಿಟ್ಟದ್ದೇ ಹೆಚ್ಚು ನಿಜವೆಂದು ತೋರುತ್ತದೆ. ಆದ್ದರಿಂದ ಬಣ್ಣ, ಹವೆ, ಯಾರು ಮೊದಲು ನಕ್ಕರು ಎಂಬಂಥ ವಿವರಗಳನ್ನು ನೀವು ಕೊಂಚ ಸಡಿಲವಾಗಿಯೇ ಹಿಡಿದುಕೊಳ್ಳಿ. ನಮ್ಮ ಓಣಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗುತ್ತಿದ್ದ ಅಕ್ಕನ ಬೆನ್ನ ಮೇಲೆ ಹಾರುತ್ತಿದ್ದ ಎರಡು ಜಡೆಗಳನ್ನಾದರೂ ಯಾರೂ ನನ್ನಿಂದ ಕಸಿಯಲಾರರು ಎಂದುಕೊಂಡಿದ್ದೆ. “ನನಗ ಒಂದ ಜಡಿ ಇತ್ತ, ಸುಧಾ” ಎಂದು ಮೊನ್ನೆ ಅವಳು ಅದನ್ನೂ ಅರ್ಧ ಮಾಡಿಬಿಟ್ಟಳು.

ಈ ಸೈಕಲ್ಲಿನ ಮಾತು ಈಗ ಎದ್ದದ್ದಕ್ಕೆ ಕಾರಣವಿದೆ. ಅಕ್ಕ ಮದುವೆಯಾಗಿ ಧಾರವಾಡದಿಂದ ಹುಬ್ಬಳ್ಳಿಗೆ ಹೋದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಹೋದ ವರ್ಷ, ಅರವತ್ತರ ಹೊಸ್ತಿಲಲ್ಲಿ, ಮೊಣಕಾಲಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದೇ ನೆಪವಾಗಿ ಮತ್ತೆ ಏರಿದಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಮನೆಯಿಂದ ಬೆಳಗಿನ ಜಾವ ಹೊರಟು, ಹಾಲಿನವನು ಬರುವುದರೊಳಗೆ ತಿರುಗಿ ಬರುತ್ತಾಳೆ. ಅವಳ ಮುಖದಲ್ಲಿ ಆಗ ಕಾಣುವ ಹೊಳಪು ಬೆವರಿನದು ಮಾತ್ರವಲ್ಲ ಎಂದು ನನಗನ್ನಿಸಿತು. ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವ ನನಗೆ ಮೇ ತಿಂಗಳು ರಜೆ. ಯುರೋಪಿನಲ್ಲಿ ಜನ ವಾರಗಟ್ಟಲೆ ಸೈಕಲ್ ಮೇಲೆ ಊರೂರು ಸುತ್ತುತ್ತಾರಂತೆ, ನಾವಿಬ್ಬರೂ ಯಾಕೆ ಹೋಗಬಾರದು ಎಂದು ಕೇಳಿದೆ. ಹೌದು ಎಂದಳು, ನಾನು ಊಹಿಸಿದ್ದಕ್ಕಿಂತ ಬೇಗ. ಯಾವ ಊರು ಎಂಬುದೊಂದು ಉಳಿಯಿತು. ಅದು ಇನ್ನೂ ಉಳಿದೇ ಇದೆ.

ಒಂದು ದೇಶವನ್ನು ಆರಿಸಿಕೊಳ್ಳುವುದು ಹೇಗೆ, ನೀವು ಎಂದಾದರೂ ಯೋಚಿಸಿದ್ದೀರಾ? ನಮಗೆ ಗೊತ್ತಿದ್ದ ರೀತಿ ಒಂದೇ, ನಮ್ಮ ಕಡೆ ಕನ್ಯಾ ನೋಡುವ ರೀತಿ. ಪ್ರತಿ ಭಾನುವಾರ ಅಕ್ಕನ ಮನೆಯ ಪಡಸಾಲೆಯಲ್ಲಿ ಚಹಾ, ಅವಲಕ್ಕಿ, ನಡುವೆ ನನ್ನ ಲ್ಯಾಪ್‌ಟಾಪಿನಲ್ಲಿ ನಾಚಿಕೊಂಡು ಕುಳಿತ ಒಂದು ದೇಶ. ನೀರು ಹೇಗೆ, ಮನೆತನ ಹೇಗೆ, ದೂರದ ನಂಟರು ಯಾರಾದರೂ ಅಲ್ಲಿ ಇದ್ದು ಬಂದಿದ್ದಾರೆಯೇ, ಎಲ್ಲವನ್ನೂ ವಿಚಾರಿಸಬೇಕು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅರಳೆ ವ್ಯಾಪಾರ ಮಾಡಿದವರು, ಏನನ್ನೇ ಆಗಲಿ ಬೆರಳುಗಳ ನಡುವೆ ಎಳೆದು ನೋಡದೆ ಒಪ್ಪುವವರಲ್ಲ.

“ಇದೇನ ಕನ್ಯಾ ನೋಡಾಕತ್ತೀರೋ, ಊರ ನೋಡಾಕತ್ತೀರೋ?” ಎಂದು ನಕ್ಕವರು ಅವರೇ, ಮರುಗಳಿಗೆಯಲ್ಲಿ ಹತ್ತಿರ ಕುರ್ಚಿ ಎಳೆದುಕೊಂಡವರೂ ಅವರೇ.

ಮೊದಲು ಬಂದದ್ದು ಹಾಲಂಡ್. ಸೈಕಲ್ಲಿನವರ ತವರು, ನೆಲ ಅಂಗೈಯಂತೆ ಸಪಾಟು, ದಾರಿಯುದ್ದಕ್ಕೂ ಕಾಲುವೆ. ನಾನು ಒಪ್ಪಿಯೇಬಿಟ್ಟಿದ್ದೆ. ಆದರೆ ಅಕ್ಕ ಎಲ್ಲೋ ಓದಿಕೊಂಡಿದ್ದಳು. “ಅಲ್ಲೆ ಗಾಳಿ ಭಾಳಂತ. ಎದುರ ಗಾಳಿ ಬಂತಂದ್ರ ಅದೂ ಒಂದ ಏರ ಅಲ್ಲೇನ? ಕಣ್ಣಿಗೆ ಕಾಣಂಗಿಲ್ಲ ಅಷ್ಟ.” ನಾನು ಹಾಲಂಡಿನ ಪುಟ ಮುಚ್ಚಿದೆ. ಆಮೇಲೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್ ಮೂರೂ ಸೇರಿ ಹಂಚಿಕೊಂಡ ಒಂದು ದೊಡ್ಡ ಸರೋವರ. ಅದರ ಸುತ್ತ ಸೈಕಲ್ ದಾರಿ, ದಂಡೆಯಲ್ಲಿ ಸೇಬಿನ ತೋಟ.

“ಕೆರಿ ಸುತ್ತಾಕ ಅಷ್ಟ ದೂರ ಯಾಕ?” ಎಂದರು ಮಾಮಾ. “ನಮ್ಮ ಉಣಕಲ್ಲ ಕೆರಿ ಏನ ಪಾಪ ಮಾಡೇತಿ?”

“ನೀವ ಒಂದ ಸುತ್ತ ನಡದ ತೋರಸ್ರಿ, ಆಮ್ಯಾಲ ಮಾತಾಡೋಣ” ಎಂದಳು ಅಕ್ಕ.

ಇಷ್ಟರಲ್ಲಿ ನಮ್ಮ ಯೋಗ್ಯತೆಯನ್ನೂ ಪರೀಕ್ಷಿಸಬೇಕೆನ್ನಿಸಿ ಒಂದು ಬೆಳಿಗ್ಗೆ ಧಾರವಾಡದ ನನ್ನ ಮನೆಯಿಂದ ಹುಬ್ಬಳ್ಳಿಗೆ ಹೊರಟೆವು. ಗೊತ್ತಿರುವವರಿಗೆ ಹೇಳಬೇಕಿಲ್ಲ, ಧಾರವಾಡ ಮೇಲೆ, ಹುಬ್ಬಳ್ಳಿ ಕೆಳಗೆ. ನಡುದಾರಿಯ ನವಲೂರು ದಾಟುವಾಗ ಪೆಡಲು ತುಳಿಯುವ ಕೆಲಸವನ್ನೆಲ್ಲ ಭೂಮಿಯೇ ವಹಿಸಿಕೊಂಡಿತು. ಅಕ್ಕ ಮುಂದೆ, ನಾನು ಹಿಂದೆ. ಅವಳು ಬ್ರೇಕು ಹಿಡಿದಳೋ ಇಲ್ಲವೋ ನೋಡಲಾಗಲಿಲ್ಲ, ನಾನು ಮಾತ್ರ ಗಟ್ಟಿಯಾಗಿ ಹಿಡಿದಿದ್ದೆ. ತಿರುಗಿ ಬರುವಾಗ ಅದೇ ನವಲೂರು ಗೋಡೆಯಾಗಿ ನಿಂತಿತು. ಅರ್ಧ ದಾರಿ ತಳ್ಳಿಕೊಂಡು, ಉಳಿದರ್ಧಕ್ಕೆ ತರಕಾರಿ ಒಯ್ಯುವ ಟೆಂಪೋದವನಿಗೆ ಕೈ ಮಾಡಿ, ಕೊತ್ತಂಬರಿ ಗಂಟುಗಳ ನಡುವೆ ಎರಡು ಸೈಕಲ್ಲುಗಳನ್ನೂ ನಮ್ಮನ್ನೂ ಹೇರಿಸಿಕೊಂಡು ಬಂದೆವು.

“ಇಳುಕಲ ಅಷ್ಟ ಇರೋ ದೇಶಾ ಹುಡುಕ” ಎಂದಳು ಅಕ್ಕ, ಗಂಟಿಗೆ ಒರಗಿ. “ಹತ್ತೋದು ಹುಬ್ಬಳ್ಳಿ ಮಂದಿ ನಸೀಬದಾಗ ಇದ್ದ ಐತಿ.”

ಅಂದಿನಿಂದ ನವಲೂರು ನಮ್ಮ ಅಳತೆಯ ಕೋಲಾಯಿತು. ಇಟಲಿಯ ದ್ರಾಕ್ಷಿಗುಡ್ಡಗಳ ಚಿತ್ರ ತೋರಿಸಿದರೆ “ಇದು ಎಷ್ಟ ನವಲೂರ ಆಕ್ಕೇತಿ?” ಎಂಬುದೇ ಪ್ರಶ್ನೆ. ಇದೇ ಕೋಲು ಹಿಡಿದು ನಾನು ಒಂದು ಜಾಣತನವನ್ನೂ ಮಾಡಿದೆ. ನದಿ ಕೆಳಮುಖವಾಗಿಯೇ ಹರಿಯಬೇಕಲ್ಲ, ಹಾಗಾದರೆ ನದಿಯ ಜೊತೆ ಹೋದರೆ ವಾರವಿಡೀ ಇಳಿಜಾರು! ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ದಂಡೆಯ ಪ್ರಸಿದ್ಧ ದಾರಿಯನ್ನು ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ವಿಜಯದಿಂದ ಹರಡಿದೆ. ಮಾಮಾ ಕನ್ನಡಕ ಏರಿಸಿ ಎತ್ತರಗಳನ್ನು ನೋಡಿ, ಹಳೆಯ ಚಾಳಿಯಂತೆ ಎಳೆದು ನೋಡಿ, ಹೇಳಿದರು: “ಸುಧಾ, ನಿನ್ನ ನದಿ ವಾರಾ ಪೂರ್ತಿ ಇಳದ್ರೂ ಧಾರವಾಡದಿಂದ ಹುಬ್ಬಳ್ಳಿಗೆ ಇಳದಷ್ಟ ಇಳದಂಗಾತ. ಒಂದ ಬೆಳಿಗ್ಗಿ ಮಾಲು, ಏಳ ದಿನಕ್ಕ ಹಂಚ್ಯಾರ ಅಷ್ಟ.” ಲೆಕ್ಕ ನೋಡಿದರೆ ಹೆಚ್ಚುಕಡಿಮೆ ನಿಜ. ನದಿಗಳೆಲ್ಲ ನಮ್ಮ ಊರಿನ ರಸ್ತೆಯಂತೆ ಇಳಿಯುತ್ತವೆ ಎಂದು ನಂಬುವ ತಪ್ಪನ್ನು ಧಾರವಾಡದವರಲ್ಲದೆ ಬೇರೆ ಯಾರು ಮಾಡಿಯಾರು?

ಆದರೆ ಆ ನದಿಯನ್ನು ಓದುತ್ತ ಹೋದಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಜರ್ಮನಿಯ ಒಂದು ಕಾಡುಬೆಟ್ಟದ ಸಾಲಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಡ್ಯಾನ್ಯೂಬ್ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ, ಇನ್ನೊಂದು ಪಾಲು ರೈನ್ ಸೇರಿ ಉತ್ತರದ ಕಡಲಿಗೆ. ನಮ್ಮ ಧಾರವಾಡದ ಮಳೆಯದೂ ಇದೇ ಕಥೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ: ದಿಣ್ಣೆಯ ಒಂದು ಮಗ್ಗುಲಿನ ನೀರು ಶಾಲ್ಮಲೆಯಾಗಿ ಪಡುವಣಕ್ಕೆ, ಇನ್ನೊಂದು ಮಗ್ಗುಲಿನದು ಹಳ್ಳಗಳಾಗಿ ಮೂಡಣಕ್ಕೆ. ಅಕ್ಕಪಕ್ಕ ಬಿದ್ದ ಎರಡು ಹನಿಗಳು ಮುಂದೆಂದೂ ಸಂಧಿಸುವುದಿಲ್ಲ. ಹನಿಯನ್ನು ಯಾರೂ ಕೇಳುವುದಿಲ್ಲ, ಇಳಿಜಾರೇ ತೀರ್ಮಾನಿಸುತ್ತದೆ. ಹನಿಗೂ ತಾನು ಹೋಗುತ್ತಿದ್ದೇನೆಂಬ ಸಡಗರವೇ ಹೊರತು ಒಯ್ಯಲ್ಪಡುತ್ತಿದ್ದೇನೆಂಬ ಅನುಮಾನವಿರಲಾರದು. ಆರಿಸಿಕೊಳ್ಳುವುದು ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಕಾಲಕೆಳಗಿನ ನೆಲದ ಓರೆ?

ಹೀಗೆ ಯೋಚಿಸುತ್ತಿದ್ದಾಗಲೇ ನನಗೆ ತಡವಾಗಿ ಹೊಳೆಯಿತು: ಹಾಲಂಡ್ ನನ್ನ ಆಯ್ಕೆ, ಸರೋವರ ನನ್ನದು, ಇಟಲಿ ನನ್ನದು, ನದಿಯೂ ನನ್ನದು. ಅಕ್ಕ ಬೇಡವೆಂದದ್ದುಂಟು, ಬೇಕು ಎಂದದ್ದು ಒಂದೂ ಇಲ್ಲ. ಕೇಳಿದಾಗಲೆಲ್ಲ ಅವಳದು ಒಂದೇ ಮಾತು: “ನಿಮಗ ಹೆಂಗ ಸರಿ ಕಾಣಸ್ತೈತಿ ಹಂಗ.”

ಅವಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನವರು ಬಂದ ದಿನ ನನಗೆ ನೆನಪಿದೆ, ಅಥವಾ ನೆನಪಿದೆಯೆಂದು ನಂಬಿದ್ದೇನೆ. ಬಂದವರು ಹೋದ ಮೇಲೆ ಅಪ್ಪ ಕಾಕಾನನ್ನು ಕೇಳಿದರು, ಕಾಕಾ ಅವ್ವನನ್ನು ಕೇಳಿದರು, ಯಾರೋ ನಗುತ್ತ ನನ್ನನ್ನೂ ಕೇಳಿದರು, “ನಿನಗ ಸೇರಿದ್ರೇನವಾ ಮಾಮಾ?” ಪೆಪ್ಪರಮಿಂಟು ಕೊಟ್ಟಿದ್ದರಿಂದ ಸೇರಿದರು ಎಂದೆ. ಅಕ್ಕ ಒಳಗೆ ಕಪ್ಪು ತೊಳೆಯುತ್ತಿದ್ದಳು. ಅವಳನ್ನು ಯಾರಾದರೂ ಕೇಳಿದರೇ? ನನಗೆ ನೆನಪಿಲ್ಲ. ಜಡೆಗಳ ಲೆಕ್ಕವನ್ನೇ ತಪ್ಪಿಸಿಕೊಂಡವಳಿಗೆ ನೆನಪಿಲ್ಲ ಎಂದರೆ ಅದು ನಡೆದಿಲ್ಲ ಎಂದೇನೂ ಅಲ್ಲ. ಮಾಮಾನ ಎದುರು ಈ ಮಾತು ತೆಗೆದಾಗ ಅವರು ಚಹಾ ಆರಿಸುತ್ತ, “ನನ್ನ ಯಾರ ಕೇಳಿದ್ರು?” ಎಂದರು. ತಮಾಷೆಗೆ ಎಂದುಕೊಂಡೆ, ಆದರೆ ಅವರು ನಗಲಿಲ್ಲ, ಹೆಂಡತಿಯತ್ತ ಒಮ್ಮೆ ನೋಡಿದರು. ಚಲೋ ಬಾಳಿದವರು ಇಬ್ಬರೂ, ಅದನ್ನು ಅಲ್ಲಗಳೆಯಲು ನಾನು ಯಾರು? ಹನಿ ಕಡಲು ಸೇರಿದೆ, ಕಡಲೂ ಒಳ್ಳೆಯದೇ. ಆದರೂ.

ಟ್ರಾವೆಲ್ಸಿನವರಿಗೆ ಶುಕ್ರವಾರದೊಳಗೆ ಊರಿನ ಹೆಸರು ಹೇಳಬೇಕು, ತಪ್ಪಿದರೆ ಮೇ ತಿಂಗಳ ವೀಸಾ ಕೈಗೆ ಸಿಗಲಿಕ್ಕಿಲ್ಲ. ನದಿಯ ಹೆಸರು ಹೇಳಿಬಿಡಬಹುದಿತ್ತು, ಅಕ್ಕ ಬಂದೇ ಬರುತ್ತಿದ್ದಳು, ಫೋಟೋಗಳಲ್ಲಿ ನಗುತ್ತಲೂ ಇರುತ್ತಿದ್ದಳು. ಅದೇ ನನಗೆ ಹೆದರಿಕೆ. ನಿನ್ನೆ ಸಂಜೆ ಬೆಂಗೇರಿಗೆ ಹೋಗಿ, ಗುರುತು ಹಾಕಿದ್ದ ಊರುಗಳನ್ನೆಲ್ಲ ಲ್ಯಾಪ್‌ಟಾಪಿನ ನಕ್ಷೆಯಿಂದ ಅಳಿಸಿ, ಬರೀ ಗೆರೆ ಮತ್ತು ಬಣ್ಣವಾಗಿದ್ದ ಯುರೋಪನ್ನು ಅವಳ ತೊಡೆಯ ಮೇಲಿಟ್ಟೆ.

“ಎಲ್ಲಾ ಎಲ್ಲಿ ಹೋದ್ವು?” ಎಂದಳು.

“ಅವು ನನ್ನವು. ಅಕ್ಕಾ, ನಾನೂ ಇಲ್ಲ, ಮಾಮಾನೂ ಇಲ್ಲ ಅಂತ ತಿಳ್ಕೊ. ಮುಂಜಾನಿ, ದಾರಿ ಖಾಲಿ ಐತಿ, ಒಬ್ಬಾಕಿನ ಹೊಂಟೀದಿ. ಹ್ಯಾಂಡಲ್ ಯಾ ಕಡೆ ತಿರಗಸ್ತಿ?”

ಎಂದಿನ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಒಳಗೆ ಕುಕ್ಕರು ಕೂಗಿತು, ಮಾಮಾ ತಾವೇ ಎದ್ದು ಹೋಗಿ ಒಲೆ ಆರಿಸಿದರು. ಅಕ್ಕ ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿದಳು, ಎಲ್ಲೋ ಬಡಗಣ ತುದಿಯಲ್ಲಿ ನಾನು ಹೆಸರೂ ಕೇಳದ ಒಂದು ಕರಾವಳಿಯವರೆಗೆ ಹೋದಳು, ಅಲ್ಲಿ ನಿಂತಳು, ಮತ್ತೆ ತಿರುಗಿದಳು. ನಾಳೆ ಶುಕ್ರವಾರ. ಲ್ಯಾಪ್‌ಟಾಪನ್ನು ನಾನು ಅವಳ ಹತ್ತಿರವೇ ಬಿಟ್ಟು ಬಂದಿದ್ದೇನೆ.